ಒಂದೇ ಮೈಯ ಕಂಪ್ಯೂಟರ್ ಕೊಳ್ಳೋಣವೇ?

(ಹೊಸರಿತ್ತಿಯ ನವಸಾಕ್ಷರರ ಕೂಟದಲ್ಲಿ ಆಡಿದ ಮಾತು)



ನಮ್ಮ ಸಂಘಕ್ಕೆ ಒಂದು ಕಂಪ್ಯೂಟರ್ ಬೇಕು ಎಂದು ಹೋದ ಸಭೆಯಲ್ಲಿ ಮಾತಾಯಿತು. ಸಂಘದ ಲೆಕ್ಕ ಅದರಲ್ಲಿ ಇಡಬೇಕು. ಅರ್ಜಿ ಬರೆಯಬೇಕು. ಮಕ್ಕಳು ಕಲಿಯಬೇಕು. ಹಣ ಯಾರದು? ನಮ್ಮದೇ. ಹೊಲದಾಗ ಕಸ ತೆಗೆದು, ಮೆಣಸಿನಕಾಯಿ ತುಂಬು ಬಿಡಿಸಿ, ವಾರ ವಾರ ಕಟ್ಟಿದ ಹಣ. ಅದಕ್ಕೇ ನಾವು ನಾಲ್ಕು ಮಂದಿ ಹಾವೇರಿಗೆ ಹೋಗಿ ಅಂಗಡಿಯಲ್ಲಿ ನೋಡಿ ಬಂದೆವು.

ಕಂಪ್ಯೂಟರ್ ನಮಗೇಕೆ ಎಂದು ಈಗ ಯಾರೂ ಕೇಳುವುದಿಲ್ಲ. ಮೊದಲು ಹೊಲದ ಉತಾರವನ್ನು ತಲಾಟಿಯವರು ಕೈಯಿಂದ ಬರೆದು ಕೊಡುತ್ತಿದ್ದರು. ಆಮೇಲೆ ಸರಕಾರದ 'ಭೂಮಿ' ಯೋಜನೆ ಬಂತು. ಉತಾರ ಕಂಪ್ಯೂಟರಿನಿಂದ ಬರತೊಡಗಿತು. ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ಟೆಂಡರೂ ಕಂಪ್ಯೂಟರಿನಲ್ಲೇ.

ಅಂಗಡಿಯವರು ಎರಡು ಬಗೆ ತೋರಿಸಿದರು. ಒಂದರಲ್ಲಿ ಪರದೆ ಬೇರೆ, ಸಿಪಿಯು ಎಂಬ ಡಬ್ಬಿ ಬೇರೆ. ಇನ್ನೊಂದು 'ಆಲ್ ಇನ್ ಒನ್'. ಅಂದರೆ ಎಲ್ಲ ಒಂದರಲ್ಲೇ. ಡಬ್ಬಿಯೇ ಇಲ್ಲ. ಡಬ್ಬಿಯೊಳಗಿನ ಯಂತ್ರವೆಲ್ಲ ಪರದೆಯ ಬೆನ್ನಲ್ಲೇ ಇರುತ್ತದೆ. ಕೀಲಿಮಣೆ, ಮೌಸು ಮಾತ್ರ ಹೊರಗೆ. ಇದು ಇಂದಿನ ವಿಚಾರ ಅಲ್ಲ. 1984ರಲ್ಲಿ ಅಮೆರಿಕದ ಆಪಲ್ ಕಂಪನಿ ತಂದ ಮ್ಯಾಕಿಂತೋಷ್ ಕಂಪ್ಯೂಟರಿನಲ್ಲಿ ಪರದೆ, ಯಂತ್ರ ಒಂದೇ ಪೆಟ್ಟಿಗೆಯಲ್ಲಿದ್ದವು.

ನೋಡಲು ಚೆಂದ, ಸುಳ್ಳು ಹೇಳುವುದಿಲ್ಲ. ಸಣ್ಣ ಮೇಜು ಸಾಕು. ವೈರುಗಳ ಗೋಜಲಿಲ್ಲ. ಸಾಮಾನ್ಯವಾಗಿ ಕರೆಂಟೂ ಕಡಿಮೆ ಎಳೆಯುತ್ತದೆ. ಒಬ್ಬರೇ ಎತ್ತಿ ಬೇರೆ ಕೋಣೆಗೆ ಒಯ್ಯಬಹುದು. 2019ರ ಆಗಸ್ಟಿನಲ್ಲಿ ವರದಾ ತುಂಬಿ ಬಂದದ್ದು ನೆನಪಿದೆಯಲ್ಲ? ಅಂಥ ಹೊತ್ತಿನಲ್ಲಿ ಸಾಮಾನು ಬೇಗ ಎತ್ತಲು ಬಂದರೆ ಎಷ್ಟು ಚಲೋ!

ಹಾಗಾದರೆ ಅದನ್ನೇ ತರೋಣವೇ? ತಡೆಯಿರಿ.

ನದಿ ದಂಡೆಯ ಹಳೆಯ ನೀರೆತ್ತುವ ಪಂಪು ನೆನೆಯಿರಿ. ಇಂಜಿನ್ನು ಒಂದು ಕಡೆ, ಪಂಪು ಒಂದು ಕಡೆ, ನಡುವೆ ಬೆಲ್ಟು. ಬೆಲ್ಟು ಹರಿದರೆ ಬೆಲ್ಟು ತಂದರಾಯಿತು. ಈಗ ಬೋರಿನೊಳಗೆ ಇಳಿಸುವ ಪಂಪು ನೋಡಿ. ಮೋಟಾರು, ಪಂಪು ಕೂಡಿಕೊಂಡೇ ಇಳಿಯುತ್ತವೆ. ಜಾಗ ಬೇಡ, ಸದ್ದೂ ಇಲ್ಲ. ಆದರೆ ಮೋಟಾರು ಸುಟ್ಟರೆ? ಪೈಪು ಸಮೇತ ಎಲ್ಲ ಮೇಲೆತ್ತಬೇಕು.

ಒಂದೇ ಮೈಯ ಕಂಪ್ಯೂಟರಿನ ಗತಿಯೂ ಹೀಗೇ. ಬೇರೆ ಬೇರೆ ಇರುವುದರಲ್ಲಿ ಪರದೆ ಕೆಟ್ಟರೆ ಪರದೆ ಮಾತ್ರ ರಿಪೇರಿಗೆ ಹೋಗುತ್ತದೆ. ಬೇರೆ ಕಡೆಯಿಂದ ಒಂದು ಪರದೆ ಕೇಳಿ ತಂದು ಕೆಲಸ ನಡೆಸಬಹುದು. ಇದರಲ್ಲಿ ಪರದೆ ಕೆಟ್ಟರೂ, ಒಳಗಿನ ಸಣ್ಣ ಫ್ಯಾನು ಕೆಟ್ಟರೂ ಇಡೀ ಯಂತ್ರವೇ ಹೋಗಬೇಕು. ಅದರ ಸಂಗಡ ನಮ್ಮ ಸಂಘದ ಲೆಕ್ಕವೂ ಹೋಯಿತು! ಅದು ಬರುವ ತನಕ ಯಾರ ಸಾಲ ಎಷ್ಟು, ಯಾರು ಕಂತು ಕಟ್ಟಿದರು, ಹೇಗೆ ನೋಡುವುದು? ಯಾವುದನ್ನೇ ತಂದರೂ ಲೆಕ್ಕದ ಒಂದು ನಕಲು ಪೆನ್ ಡ್ರೈವಿನಲ್ಲಿ ಇರಲೇಬೇಕು. ಕೈಬರಹದ ಪುಸ್ತಕವನ್ನೂ ಬಿಡಬಾರದು ಅನ್ನುವವರು ನಾವು.

ಇನ್ನೊಂದು ಮಾತು. ಇದರೊಳಗೆ ಬಿಗಿಯಾಗಿ ತುಂಬಿರುತ್ತಾರೆ. ಕಾವು ಹೊರಹೋಗುವ ಕಿಂಡಿ ಸಣ್ಣದು. ಸುಗ್ಗಿಯಲ್ಲಿ ನಮ್ಮೂರ ಧೂಳು ಗೊತ್ತಲ್ಲ? ಡಬ್ಬಿಯಾದರೆ ಬಾಗಿಲು ಬಿಚ್ಚಿ ಧೂಳು ಊದಬಹುದು. ಇದನ್ನು ಬಿಚ್ಚಲು ತಿಳಿದವರೇ ಬೇಕು. ನಾಳೆ ಕೆಲಸ ಹೆಚ್ಚಾಗಿ ಯಂತ್ರ ನಿಧಾನವಾದರೆ ಡಬ್ಬಿಗೆ ಹೊಸ ಬಿಡಿಭಾಗ ಹಾಕಿಸುವುದು ಸುಲಭ. ಇದರಲ್ಲಿ ಕೆಲವಕ್ಕೆ ಹಾಕಲು ಬರುವುದೇ ಇಲ್ಲ.

ಕರೆಂಟು ಹೋದರೆ ಎರಡೂ ಒಂದೇ. ಲ್ಯಾಪ್‌ಟಾಪಿನಂತೆ ಇದರೊಳಗೂ ಬ್ಯಾಟರಿ ಇರುತ್ತದೆ ಎಂದು ಕೆಲವರು ತಿಳಿದಿದ್ದಾರೆ. ಸಾಮಾನ್ಯವಾಗಿ ಇರುವುದಿಲ್ಲ. ಯುಪಿಎಸ್ ಎರಡಕ್ಕೂ ಬೇಕು. ಕನ್ನಡ ಎರಡರಲ್ಲೂ ಬರೆಯಬಹುದು. ಅದರ ಚಿಂತೆ ಬೇಡ.

ನಮ್ಮ ಅಭಿಪ್ರಾಯ ಕೇಳುತ್ತೀರಾ? ಜಾಗ ಇಲ್ಲದ ಮನೆಗೆ, ಪೇಟೆಯ ಅಂಗಡಿಯ ಗಲ್ಲೆಗೆ ಒಂದೇ ಮೈಯದು ಒಳ್ಳೆಯದು. ನಮ್ಮ ಸಂಘಕ್ಕೆ ಕೋಣೆ ಇದೆ, ಮೇಜೂ ಇದೆ. ಹತ್ತು ಕೈ ಮುಟ್ಟುವ ಯಂತ್ರ. ಕೆಟ್ಟರೆ ಹೊತ್ತುಕೊಂಡು ಹಾವೇರಿಗೋ ಹುಬ್ಬಳ್ಳಿಗೋ ಹೋಗಬೇಕು. ನಮಗೆ ಬೇರೆ ಬೇರೆ ಇರುವುದೇ ಚಲೋ.

ಆದರೂ ನೀವೆಲ್ಲ ಒಂದೇ ಮೈಯದೇ ಬೇಕು ಅಂದರೆ, ಅಂಗಡಿಯಲ್ಲಿ ಕೇಳಬೇಕಾದ್ದು ಇಷ್ಟು. ಕೆಟ್ಟರೆ ಮೆಕ್ಯಾನಿಕ್ ಊರಿಗೆ ಬರುತ್ತಾನೋ, ನಾವೇ ಒಯ್ಯಬೇಕೋ? ಪರದೆ ಹೋದರೆ ಹೊರಗಿನ ಪರದೆ ಜೋಡಿಸುವ ಕಿಂಡಿ ಇದೆಯೋ? ಗ್ಯಾರಂಟಿ ಎಷ್ಟು ವರ್ಷ? ಬಾಯಿಮಾತು ಬೇಡ. ಗ್ಯಾರಂಟಿ ಚೀಟಿ ಕೈಯಲ್ಲಿ ಹಿಡಿದು ನೀವೇ ಓದಿರಿ. ತಿಳಿಯದ ಸಾಲು ಇದ್ದರೆ ಅಲ್ಲೇ ಕೇಳಿರಿ. ಆಮೇಲೆ ಹಣ ಕೊಡಿ.

ಎರಡರ ದರದ ಚೀಟಿಗಳನ್ನೂ ತಂದಿದ್ದೇವೆ. ಈಗ ಒಂದೊಂದಾಗಿ ಎಲ್ಲರ ಕೈಗೂ ಕೊಡುತ್ತೇವೆ. ಓದಿ ನೋಡಿ. ಬರುವ ಸೋಮವಾರ ಕೈ ಎತ್ತಿ ತೀರ್ಮಾನ ಮಾಡೋಣ.