ಎಲ್ಲಕ್ಕೂ ಒಬ್ಬ, ಒಂದೊಂದಕ್ಕೂ ಒಬ್ಬ



ಜೀವನ್ ಬಿಮಾ ನಗರದ ಹೆಸರಿನಲ್ಲೇ ಜೀವವಿಮೆ ಇದೆ. ಎಲ್‌ಐಸಿ ಬಡಾವಣೆಯಿಂದ ಬಂದ ಹೆಸರದು. ಆದ್ದರಿಂದ ಇಂದಿನ ಮಾತನ್ನು ವಿಮೆಯ ಪಾಲಿಸಿಯಿಂದಲೇ ಆರಂಭಿಸುವುದು ಸೂಕ್ತ.

ತಂತ್ರಾಂಶ ಬರೆಯುವ ಮೊದಲು ಅದು ಏನು ಮಾಡಬೇಕೆಂಬ ನಿಯಮಗಳನ್ನು ಬರೆದಿಡುವುದು ವಾಡಿಕೆ. ‘ಎಲ್ಲ ಪಾಲಿಸಿಗಳಿಗೂ ಒಬ್ಬ ನಾಮಿನಿ ಇರಬೇಕು’ ಎಂಬುದು ಅಂಥ ಒಂದು ನಿಯಮ ಎನ್ನಿ. ಇದಕ್ಕೆ ಎರಡು ಅರ್ಥ. ಒಂದೊಂದು ಪಾಲಿಸಿಗೂ ಅದರದೇ ಒಬ್ಬ ನಾಮಿನಿ ಎಂಬುದು ಒಂದು. ಕಚೇರಿಯ ಪಾಲಿಸಿಗಳಿಗೆಲ್ಲ ಒಬ್ಬನೇ ನಾಮಿನಿ ಎಂಬುದು ಇನ್ನೊಂದು. ಎರಡನೆಯದನ್ನು ಮನುಷ್ಯ ನಕ್ಕು ತಳ್ಳಿಹಾಕುತ್ತಾನೆ. ಗಣಕಯಂತ್ರಕ್ಕೆ ನಗು ಬಾರದು. ಹೇಳಿದ್ದನ್ನು ಮಾಡಿ ಮುಗಿಸುತ್ತದೆ.

ಮಾತು ಎಡವಿದಲ್ಲಿ ಚಿತ್ರ ಕೈಹಿಡಿದೀತೆಂಬ ಆಸೆ ಹಳೆಯದು. ಗಣಿತಜ್ಞ ಆಯ್ಲರ್ ಜರ್ಮನ್ ರಾಜಕುಮಾರಿಯೊಬ್ಬಳಿಗೆ ಬರೆದ ಪತ್ರಗಳು 1768ರಲ್ಲಿ ಅಚ್ಚಾದಾಗ, ತರ್ಕವನ್ನು ವೃತ್ತಗಳಿಂದ ವಿವರಿಸುವ ಬಗೆ ಪ್ರಸಿದ್ಧವಾಯಿತು. ‘ಹಕ್ಕಿ’ ಎಂಬ ದೊಡ್ಡ ವೃತ್ತದೊಳಗೆ ‘ಕಾಗೆ’ ಎಂಬ ಚಿಕ್ಕದನ್ನಿಟ್ಟರೆ ಕಾಗೆಗಳೆಲ್ಲ ಹಕ್ಕಿಗಳು ಎಂದಾಯಿತು. 1880ರಲ್ಲಿ ಇಂಗ್ಲೆಂಡಿನ ಜಾನ್ ವೆನ್ ಈ ಪದ್ಧತಿಯನ್ನು ಬೆಳೆಸಿದರು. ಶಾಲಾಮಕ್ಕಳು ಇಂದು ಬರೆಯುವುದು ಅವರ ಹೆಸರಿನ ಚಿತ್ರಗಳನ್ನೇ.

1997ರಲ್ಲಿ ಸ್ಟುವರ್ಟ್ ಕೆಂಟ್ ಇಂಥ ವೃತ್ತಗಳನ್ನು ತಂತ್ರಾಂಶದ ನಿಯಮಗಳಿಗೆ ಹೊಂದಿಸಿದರು. ‘ಕನ್‌ಸ್ಟ್ರೇಂಟ್ ಡಯಾಗ್ರಾಂ’ ಎಂದು ಅವುಗಳ ಹೆಸರು. ಅಲ್ಲಿ ನಕ್ಷತ್ರದ ಗುರುತಿಗೆ ‘ಪ್ರತಿಯೊಂದು’ ಎಂದರ್ಥ. ಚುಕ್ಕೆಗೆ ‘ಒಂದು ಇದೆ’ ಎಂದರ್ಥ. ಬಾಣ ಸಂಬಂಧವನ್ನು ಹೇಳುತ್ತದೆ. ‘ಪಾಲಿಸಿ’ ವೃತ್ತದಲ್ಲಿ ನಕ್ಷತ್ರ, ‘ವ್ಯಕ್ತಿ’ ವೃತ್ತದಲ್ಲಿ ಚುಕ್ಕೆ, ನಕ್ಷತ್ರದಿಂದ ಚುಕ್ಕೆಗೆ ‘ನಾಮಿನಿ’ ಎಂಬ ಬಾಣ. ನಿಯಮ ಸಿದ್ಧವಾಯಿತು.

ಆದರೆ ಮೊದಲು ಓದಬೇಕಾದುದು ಯಾವುದನ್ನು? ನಕ್ಷತ್ರವನ್ನು ಮೊದಲು ಓದಿದರೆ ಪ್ರತಿ ಪಾಲಿಸಿಗೂ ಒಬ್ಬ ಸಿಗುತ್ತಾನೆ. ಚುಕ್ಕೆಯನ್ನು ಮೊದಲು ಓದಿದರೆ ಒಬ್ಬನೇ ಎಲ್ಲರ ಹಣಕ್ಕೂ ಕೈಚಾಚುತ್ತಾನೆ. ಅದೇ ಹಳೆಯ ತೊಡಕು! ಬರಹಕ್ಕೆ ಎಡದಿಂದ ಬಲಕ್ಕೆ ಎಂಬ ದಾರಿಯಾದರೂ ಇದೆ. ಚಿತ್ರಕ್ಕೆ ಅದೂ ಇಲ್ಲ. ಯಾವ ಎಳೆಯನ್ನು ಮೊದಲು ಎಳೆದರೆಂದು ಮುಗಿದ ರಂಗೋಲಿ ಹೇಳುತ್ತದೆಯೆ?

ಈ ಗಂಟನ್ನು ಬಿಡಿಸಲು ಫಿಶ್, ಫ್ಲವರ್, ಹೌಸ್ ಎಂಬ ಸಂಶೋಧಕರು ಚಿತ್ರದ ಜೊತೆಗೆ ‘ಓದುವ ಮರ’ವೊಂದನ್ನು ಸೇರಿಸಿದರು. ಅವರ ಪ್ರಬಂಧ 2005ರಲ್ಲಿ ಪ್ರಕಟವಾಯಿತು. ಯಾವ ಗುರುತು ಮೊದಲು, ಯಾವುದು ನಂತರ ಎಂಬುದನ್ನು ಆ ಮರದ ಕೊಂಬೆಗಳು ತೋರಿಸುತ್ತವೆ. ಹೀಗೆ ಚಿತ್ರಕ್ಕೂ ಒಂದು ವ್ಯಾಕರಣ ಬೇಕಾಯಿತು.

ಮನೆಯ ಆಧಾರವೇ ಹೋದ ದಿನ ಹಣ ಯಾರ ಕೈ ಸೇರಬೇಕೆಂಬುದು ಇಂಥ ಒಂದು ಬಾಣದ ಮೇಲೆ ನಿಂತಿರಬಹುದು. ಆದ್ದರಿಂದ ಚಿತ್ರ ಬರೆದವರೂ ತಂತ್ರಾಂಶ ಬರೆಯುವವರೂ ಅದನ್ನು ಒಮ್ಮೆ ಬಾಯಿಬಿಟ್ಟು ಓದಿ, ಎರಡು ವಾಕ್ಯಗಳೂ ಒಂದೇ ಆಗಿವೆಯೆ ಎಂದು ನೋಡುವುದು ಒಳ್ಳೆಯದು. ಕಾಗದದ ಮೇಲಿರುವಾಗ ತಪ್ಪನ್ನು ತಿದ್ದಲು ಒಂದು ರಬ್ಬರು ಸಾಕು.