ಬೋಧನಾ ಆಸ್ಪತ್ರೆಯ ಶಸ್ತ್ರವೈದ್ಯರಾಗಬೇಕೆ?

ನಿಮ್ಮ ಮನೆಯಲ್ಲಿ ವೈದ್ಯಕೀಯ ಓದುತ್ತಿರುವ ಮಗನೋ ಮಗಳೋ ಇದ್ದರೆ, ಮುಂದೇನು ಎಂಬ ಪ್ರಶ್ನೆಗೆ ನೆಂಟರಿಷ್ಟರು ಈಗಾಗಲೇ ಉತ್ತರ ಕೊಟ್ಟಿರುತ್ತಾರೆ. 'ಸರ್ಜನ್ ಆಗಲಿ, ಸ್ವಂತ ನರ್ಸಿಂಗ್ ಹೋಮ್ ಹಾಕಲಿ' ಎಂಬುದು ಅದರಲ್ಲಿ ಮೊದಲನೆಯದು. ತಪ್ಪೇನಿಲ್ಲ, ನಾಡಿಗೆ ಒಳ್ಳೆಯ ಶಸ್ತ್ರವೈದ್ಯರು ಬೇಕು. ಆದರೆ ಅವರನ್ನು ತಯಾರು ಮಾಡುವವರೂ ಶಸ್ತ್ರವೈದ್ಯರೇ. ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿದ್ದುಕೊಂಡು ಶಸ್ತ್ರಚಿಕಿತ್ಸೆ ಮಾಡುವುದು, ಕಲಿಸುವುದು, ಸಂಶೋಧನೆ ನಡೆಸುವುದು, ಈ ಮೂರೂ ಅವರ ಕೆಲಸ. ಇಂದಿನ ಮಾತು ಅವರನ್ನು ಕುರಿತದ್ದು.

ನಾನು ವೈದ್ಯನಲ್ಲ. ವಿಜ್ಞಾನ ಪದವೀಧರ, ವೃತ್ತಿಯಲ್ಲಿ ದೂರದರ್ಶನ ಕಾರ್ಯಕ್ರಮಗಳ ನಿರ್ಮಾಪಕ. ಆರೋಗ್ಯ ಕಾರ್ಯಕ್ರಮಗಳಿಗೆ ಬರುವ ವೀಕ್ಷಕರ ಪ್ರಶ್ನೆಗಳಲ್ಲಿ ಒಂದು ಮಾತ್ರ ಎಂದೂ ತಪ್ಪುವುದಿಲ್ಲ: 'ಡಾಕ್ಟರೇ, ಈ ಆಪರೇಷನ್ ಬೇಕೇ ಬೇಕೆ?' ಈ ಪ್ರಶ್ನೆಗೆ ಪ್ರಾಮಾಣಿಕವಾದ ಉತ್ತರ ಎಲ್ಲಿ ಹುಟ್ಟುತ್ತದೆ ಎಂದು ವಿಚಾರಿಸಿದರೆ, ನಾವು ಬೋಧನಾ ಆಸ್ಪತ್ರೆಯ ಬಾಗಿಲಿಗೇ ಬಂದು ನಿಲ್ಲುತ್ತೇವೆ.

ಒಂದು ಉದಾಹರಣೆ ನೋಡೋಣ. ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆ 1889ರಲ್ಲಿ ಆರಂಭವಾಯಿತು. ಅಲ್ಲಿನ ಶಸ್ತ್ರವೈದ್ಯ ವಿಲಿಯಂ ಹಾಲ್‌ಸ್ಟೆಡ್ ಕಿರಿಯ ವೈದ್ಯರಿಗೆ ಹಂತ ಹಂತವಾಗಿ ಹೊಣೆ ವಹಿಸಿ ಕಲಿಸುವ ಪದ್ಧತಿಯನ್ನು ರೂಪಿಸಿದರು. ಇಂದು ನಾವು 'ರೆಸಿಡೆಂಟ್ ಡಾಕ್ಟರ್' ಎನ್ನುವ ವ್ಯವಸ್ಥೆಯ ಬೇರು ಅಲ್ಲಿದೆ. ಸ್ತನ ಕ್ಯಾನ್ಸರ್ ಬಂದರೆ ಸ್ತನದ ಜೊತೆಗೆ ಎದೆಯ ಸ್ನಾಯುಗಳನ್ನೂ ಕಂಕುಳಿನ ದುಗ್ಧರಸ ಗ್ರಂಥಿಗಳನ್ನೂ ತೆಗೆಯುವ ದೊಡ್ಡ ಶಸ್ತ್ರಚಿಕಿತ್ಸೆಯನ್ನು ಜನಪ್ರಿಯಗೊಳಿಸಿದವರೂ ಅವರೇ. ಹೆಚ್ಚು ತೆಗೆದಷ್ಟೂ ರೋಗಿ ಸುರಕ್ಷಿತ ಎಂಬುದು ಆಗಿನ ತಿಳಿವಳಿಕೆ. ಅವರ ಶಿಷ್ಯರು ಪ್ರಾಧ್ಯಾಪಕರಾದರು, ತಮ್ಮ ಶಿಷ್ಯರಿಗೆ ಅದನ್ನೇ ಕಲಿಸಿದರು. ಗುರುವಿನ ಕೈಯಿಂದ ಶಿಷ್ಯನ ಕೈಗೆ ಕೌಶಲ ದಾಟಿದಂತೆ ನಂಬಿಕೆಯೂ ದಾಟಿತು. ಮುಕ್ಕಾಲು ಶತಮಾನ ಕಳೆದರೂ ಅದೇ ರೂಢಿ.

ಅದನ್ನು ಪರೀಕ್ಷೆಗೆ ಒಡ್ಡಿದವರು ಪಿಟ್ಸ್‌ಬರ್ಗ್‌ನ ಬರ್ನಾರ್ಡ್ ಫಿಷರ್. ಅವರೂ ಶಸ್ತ್ರವೈದ್ಯರೇ. 1971ರಲ್ಲಿ ಆರಂಭವಾದ ಅವರ ಅಧ್ಯಯನದಲ್ಲಿ 1,600ಕ್ಕೂ ಹೆಚ್ಚು ಮಹಿಳೆಯರು ಪಾಲ್ಗೊಂಡರು. ಯಾರಿಗೆ ಯಾವ ಚಿಕಿತ್ಸೆ ಎಂಬುದನ್ನು ವೈದ್ಯರ ಇಷ್ಟಕ್ಕೆ ಬಿಡದೆ, ಚೀಟಿ ಎತ್ತಿದಂತೆ ನಿರ್ಧರಿಸಲಾಯಿತು. ಕೆಲವರಿಗೆ ಹಳೆಯ ದೊಡ್ಡ ಶಸ್ತ್ರಚಿಕಿತ್ಸೆ, ಉಳಿದವರಿಗೆ ಸ್ನಾಯುಗಳನ್ನು ಉಳಿಸುವ ಚಿಕ್ಕದು. ಬದುಕುಳಿದವರ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. 2002ರಲ್ಲಿ ಪ್ರಕಟವಾದ 25 ವರ್ಷಗಳ ಫಲಿತಾಂಶವೂ ಅದನ್ನೇ ಹೇಳಿತು. ಸಹೋದ್ಯೋಗಿಗಳ ವಿರೋಧವನ್ನು ಫಿಷರ್ ಬಹಳ ವರ್ಷ ಸಹಿಸಬೇಕಾಯಿತು. ಇಂದು ಸ್ತನವನ್ನು ಉಳಿಸಿ ಗಡ್ಡೆಯನ್ನಷ್ಟೇ ತೆಗೆಸಿಕೊಂಡು ಮನೆಗೆ ಮರಳುವ ನಮ್ಮೂರಿನ ಮಹಿಳೆಗೂ ಆ ದುಡಿಮೆಯ ಫಲ ತಲುಪಿದೆ.

ಹಾಗಾದರೆ ಕಡಿಮೆ ಕತ್ತರಿಸುವುದೇ ಸರಿಯೆ? ಹಾಗೂ ಹೇಳುವಂತಿಲ್ಲ. ನಮ್ಮ ದೇಶದ್ದೇ ಇನ್ನೊಂದು ಉದಾಹರಣೆ ಕೇಳಿ. ತಂಬಾಕು, ಗುಟ್ಕಾಗಳಿಂದಾಗಿ ಬಾಯಿಯ ಕ್ಯಾನ್ಸರ್ ನಮ್ಮಲ್ಲಿ ಬಹಳ. ರೋಗ ಆರಂಭದ ಹಂತದಲ್ಲಿದ್ದು, ಕುತ್ತಿಗೆಯಲ್ಲಿ ಗಂಟು ಕಾಣದಿದ್ದಾಗ ಏನು ಮಾಡಬೇಕು? ಬಾಯಿಯ ಗಡ್ಡೆಯ ಜೊತೆಗೇ ಕುತ್ತಿಗೆಯ ಗ್ರಂಥಿಗಳನ್ನೂ ತೆಗೆಯಬೇಕೆ, ಅಥವಾ ಗಂಟು ಕಾಣಿಸಿಕೊಂಡ ಮೇಲೆ ತೆಗೆದರೆ ಸಾಕೆ? ಜಗತ್ತಿನ ತಜ್ಞರಲ್ಲಿ ಎರಡು ಪಕ್ಷಗಳಿದ್ದವು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ಅನಿಲ್ ಡಿಕ್ರೂಜ್ ಮತ್ತು ಸಂಗಡಿಗರು 2004ರಿಂದ ಹತ್ತು ವರ್ಷ ಈ ಒಂದು ಪ್ರಶ್ನೆಯ ಬೆನ್ನು ಹತ್ತಿದರು. 500 ರೋಗಿಗಳ ಫಲಿತಾಂಶ 2015ರಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಮೊದಲೇ ಗ್ರಂಥಿ ತೆಗೆದವರಲ್ಲಿ ಮೂರು ವರ್ಷಗಳ ನಂತರ ಬದುಕಿದ್ದವರು ಶೇಕಡಾ 80, ಕಾದು ನೋಡಿದವರಲ್ಲಿ ಶೇಕಡಾ 67.5. ಅಂದರೆ ನೂರು ಜನರಲ್ಲಿ ಹನ್ನೆರಡು ಹದಿಮೂರು ಮಂದಿಯ ಪ್ರಾಣ. ಇಲ್ಲಿ ಹೆಚ್ಚು ತೆಗೆದದ್ದೇ ಸರಿಯಾಗಿತ್ತು. ಎಷ್ಟೇ ಪಳಗಿದ ಕೈಯಾದರೂ ಇದನ್ನು ಊಹೆಯಿಂದ ಹೇಳಲು ಸಾಧ್ಯವಿರಲಿಲ್ಲ.

ಈಗ ದಾರಿಯ ವಿಚಾರ. ಎಂ.ಬಿ.ಬಿ.ಎಸ್. ನಾಲ್ಕೂವರೆ ವರ್ಷ, ಒಂದು ವರ್ಷದ ಇಂಟರ್ನ್‌ಶಿಪ್, ಪ್ರವೇಶ ಪರೀಕ್ಷೆ ದಾಟಿದರೆ ಮೂರು ವರ್ಷದ ಎಂ.ಎಸ್. ಆನಂತರ ಸಾಮಾನ್ಯವಾಗಿ ಒಂದು ವರ್ಷವಾದರೂ ಸೀನಿಯರ್ ರೆಸಿಡೆಂಟ್ ಆಗಿ ದುಡಿದವರಿಗೆ ಸಹಾಯಕ ಪ್ರಾಧ್ಯಾಪಕರ ಹುದ್ದೆಯ ಬಾಗಿಲು ತೆರೆಯುತ್ತದೆ. ನರ, ಮೂತ್ರಕೋಶ, ಕ್ಯಾನ್ಸರ್ ಮುಂತಾದ ವಿಶೇಷ ವಿಭಾಗ ಬೇಕೆಂದರೆ ಮತ್ತೆ ಮೂರು ವರ್ಷದ ಎಂ.ಸಿಎಚ್. ಅಷ್ಟರಲ್ಲಿ ವಯಸ್ಸು ಮೂವತ್ತು ದಾಟಿರುತ್ತದೆ.

ಈ ದಾರಿಯಲ್ಲಿ ಒಂದು ತಿರುವನ್ನು ಬಹಳ ಮಂದಿ ಗಮನಿಸದೆ ದಾಟಿಬಿಡುತ್ತಾರೆ. ಅದು ಎಂ.ಎಸ್. ವಿದ್ಯಾರ್ಥಿ ಕಡ್ಡಾಯವಾಗಿ ಬರೆಯಬೇಕಾದ ಥೀಸಿಸ್. ಹಳೆಯ ಪ್ರತಿಗಳನ್ನು ಮುಂದಿಟ್ಟುಕೊಂಡು, ಬೈಂಡ್ ಮಾಡಿಸಿ ಒಪ್ಪಿಸಿದರೆ ಮುಗಿಯಿತು ಎಂಬ ಭಾವನೆ ವ್ಯಾಪಕವಾಗಿದೆ. ಆದರೆ ವಿದ್ಯಾರ್ಥಿಯೊಬ್ಬ ತಾನೇ ಪ್ರಶ್ನೆ ಕೇಳಿ, ತಾನೇ ಲೆಕ್ಕವಿಟ್ಟು, ತನ್ನ ಊಹೆ ಸುಳ್ಳಾದರೆ ಅದನ್ನೂ ಬರೆಯುವ ಮೊದಲ ಅವಕಾಶ ಅದು. ಪ್ರಶ್ನೆ ದೊಡ್ಡದಿರಬೇಕಾಗಿಲ್ಲ. ನಮ್ಮ ವಾರ್ಡಿನಲ್ಲಿ ಹರ್ನಿಯಾ ಶಸ್ತ್ರಚಿಕಿತ್ಸೆಯಾದವರಲ್ಲಿ ಎಷ್ಟು ಜನರ ಗಾಯ ಕೀವು ಕಟ್ಟಿತು, ಯಾರಿಗೆ ಕಟ್ಟಿತು? ಇಷ್ಟನ್ನು ಒಂದು ವರ್ಷ ತಪ್ಪದೆ ಬರೆದಿಟ್ಟರೂ ಆ ವಾರ್ಡಿನ ಮುಂದಿನ ರೋಗಿಗೆ ಉಪಕಾರ. ಸಂಖ್ಯಾಶಾಸ್ತ್ರ ಬಲ್ಲವರನ್ನು ಅಧ್ಯಯನ ಮುಗಿದ ಮೇಲಲ್ಲ, ಆರಂಭಿಸುವ ಮೊದಲೇ ಕಾಣಬೇಕು. ನೈತಿಕ ಸಮಿತಿಯ ಒಪ್ಪಿಗೆ ಬೇಕು. ರೋಗಿಗೆ ಅವರದೇ ಮಾತಿನಲ್ಲಿ ವಿಷಯ ತಿಳಿಸಿ, ಬೇಡವೆನ್ನುವ ಹಕ್ಕು ಅವರಿಗಿದೆ ಎಂಬುದನ್ನೂ ತಿಳಿಸಿ, ಆಮೇಲೆ ಸಹಿ ಪಡೆಯಬೇಕು.

ಕಷ್ಟಗಳನ್ನೂ ಮುಚ್ಚಿಡಬಾರದು. ಜೊತೆಗೆ ಓದಿದವರು ಖಾಸಗಿ ಆಸ್ಪತ್ರೆಗಳಲ್ಲಿ ಹಲವು ಪಟ್ಟು ಗಳಿಸುವಾಗ ನೀವು ಸಂಬಳದ ದಿನ ಎಣಿಸುತ್ತಿರುತ್ತೀರಿ. ಹೊರರೋಗಿಗಳ ಸಾಲು, ತರಗತಿ, ಕಡತಗಳ ನಡುವೆ ಸಂಶೋಧನೆಗೆ ಉಳಿಯುವುದು ರಾತ್ರಿಯ ಹೊತ್ತು. ಬಡ್ತಿಗೆ ಪ್ರಕಟಣೆ ಬೇಕೆಂಬ ಒತ್ತಡದಿಂದ, ಹಣ ತೆತ್ತರೆ ಏನನ್ನೂ ಅಚ್ಚು ಹಾಕುವ ಪತ್ರಿಕೆಗಳೂ ಹುಟ್ಟಿಕೊಂಡಿವೆ. ಅಂಥ ಹತ್ತು ಲೇಖನಗಳಿಗಿಂತ ಸತ್ಯವಾಗಿ ಲೆಕ್ಕವಿಟ್ಟ ಒಂದು ಪುಟದ ಬೆಲೆ ದೊಡ್ಡದು.

ಇಷ್ಟಾಗಿಯೂ ಈ ವೃತ್ತಿಯಲ್ಲಿ ಏಕಿರಬೇಕು? ವರ್ಷಕ್ಕೆ ಇಬ್ಬರಂತೆ ಮೂವತ್ತು ವರ್ಷ ತರಬೇತಿ ಕೊಟ್ಟ ಶಿಕ್ಷಕ ನಿವೃತ್ತನಾಗುವ ಹೊತ್ತಿಗೆ ಅರವತ್ತು ಜನ ಶಸ್ತ್ರವೈದ್ಯರು ನಾಡಿನ ಮೂಲೆಮೂಲೆಗಳಲ್ಲಿರುತ್ತಾರೆ. ಅವರು ಒಯ್ಯುವುದು ಬರೀ ಕೈಚಳಕವನ್ನೋ, 'ಇದು ಬೇಕೇ ಬೇಕೆ?' ಎಂದು ಕೇಳುವ ಅಭ್ಯಾಸವನ್ನೂ ಸೇರಿಸಿಯೋ ಎಂಬುದು ಕಲಿಸಿದವರನ್ನು ಅವಲಂಬಿಸಿದೆ. ಹಾಲ್‌ಸ್ಟೆಡ್ ಶಿಷ್ಯರ ಕಥೆ ಹೇಳುವುದೂ ಇದನ್ನೇ.

ಇನ್ನೊಂದು ಋಣವೂ ಇದೆ. ಮೈಸೂರಿನಲ್ಲಾಗಲಿ ಹುಬ್ಬಳ್ಳಿಯಲ್ಲಾಗಲಿ, ಸರ್ಕಾರಿ ವೈದ್ಯಕೀಯ ಕಾಲೇಜಿನ ಕಿರಿಯ ವೈದ್ಯರು ಕಲಿಯುವುದು ಬಹುಪಾಲು ಬಡವರ ದೇಹದ ಮೇಲೆ. ಬೇರೆ ಕಡೆ ಹೋಗಲು ಹಣವಿಲ್ಲದೆ ಬಂದವರು ಅವರು. ಕಲಿತವರೆಲ್ಲ ಅಲ್ಲೇ ಉಳಿಯಲಿ ಎಂದು ನಾನು ಹೇಳುತ್ತಿಲ್ಲ. ಕೆಲವರಾದರೂ ಉಳಿಯದಿದ್ದರೆ ಆ ಹಾಸಿಗೆಗೆ ನಾಳೆ ಬರುವ ರೋಗಿಗೆ ಕಲಿತ ಕೈ ಸಿಗುವುದಿಲ್ಲ. ನಿಮ್ಮ ಮಗನೋ ಮಗಳೋ 'ನಾನು ಕಾಲೇಜಿನಲ್ಲೇ ಇರುತ್ತೇನೆ' ಎಂದು ಹೇಳಿದ ದಿನ, ಗಳಿಕೆಯ ಲೆಕ್ಕ ಕೇಳುವ ಮೊದಲು, ಯಾವ ಪ್ರಶ್ನೆಯ ಬೆನ್ನು ಹತ್ತುತ್ತೀಯೆಂದು ಕೇಳಿ ನೋಡಿ.