ಬಾಯಿ ಕೈ ಕೊಟ್ಟಾಗ



"ಇವತ್ತು ಬಾಯಿ ಕೈ ಕೊಟ್ಟಳು" ಎಂದರೆ ಗ್ರಾಂಟ್ ರೋಡ್‌ನ ನಮಗೆ ತಕ್ಷಣ ಗೊತ್ತಾಗುತ್ತದೆ, ಪಾತ್ರೆ ನಾವೇ ತೊಳೆಯಬೇಕು! ಊರಿನಿಂದ ಬಂದವರಿಗೆ ಬಾಯಿ, ಕೈ ಎರಡೂ ಅಂಗಗಳೇ. ಇಲ್ಲೇ ಬೆಳೆದ ಮಗುವಿಗೆ ಇನ್ನೊಂದು ತೊಡಕು: ಮರಾಠಿಯಲ್ಲಿ 'ಹಾತ್ ದೇಣೆ' ಎಂದರೆ ನೆರವಾಗುವುದು.

1980ರಲ್ಲಿ ಮಾರ್ತಾ ಕುಟಾಸ್ ಮತ್ತು ಸ್ಟೀವನ್ ಹಿಲ್ಯಾರ್ಡ್ ಓದುವವರ ತಲೆಗೆ ಎಲೆಕ್ಟ್ರೋಡ್ ಅಂಟಿಸಿ ನೋಡಿದರು. ವಾಕ್ಯಕ್ಕೆ ಹೊಂದದ ಪದ ಕಂಡ ಸುಮಾರು 400 ಮಿಲಿಸೆಕೆಂಡಿಗೆ ಮಿದುಳಿನ ವಿದ್ಯುತ್ ಅಲೆ ಜೋರಾಗಿ ಋಣ ದಿಕ್ಕಿಗೆ ವಾಲಿತು. ಅದಕ್ಕೇ 'ಎನ್400' ಎಂಬ ಹೆಸರು. ಅಂದರೆ ಮಿದುಳು ವಾಕ್ಯ ಮುಗಿಯಲೆಂದು ಕಾಯುವುದಿಲ್ಲ. ಪದ ಬಂದಂತೆಲ್ಲ ಸಂದರ್ಭಕ್ಕೆ ತಾಳೆ ಹಾಕುತ್ತಲೇ ಇರುತ್ತದೆ. ಹೊಸ ರೂಪಕಕ್ಕೆ ಈ ಅಲೆ ದೊಡ್ಡದು, ಕೇಳಿ ಕೇಳಿ ಪಳಗಿದ್ದಕ್ಕೆ ಚಿಕ್ಕದು.

ಪಳಗುವುದು ಕೇಳಿದರೆ ಮಾತ್ರ. ಅಕ್ಷರಮಾಲೆ ಕಲಿಸಿದರೆ ಕನ್ನಡ ಬಂತು ಎಂಬುದನ್ನು ನಾನು ಒಪ್ಪುವುದಿಲ್ಲ. ಊರಿನ ಅಜ್ಜಿ ಫೋನಿನಲ್ಲಿ "ಹೊಟ್ಟೆ ಉರೀತದೆ ಮಗಾ" ಎಂದರೆ "ಜೀರಿಗೆ ನೀರು ಕುಡಿ ಅಜ್ಜಿ" ಎನ್ನುವ ಮೊಮ್ಮಗ ದಡ್ಡನಲ್ಲ. ಯಾರೂ ಅವನೆದುರು ಹಾಗೆ ಸಂಕಟ ಹೇಳಿಕೊಂಡಿಲ್ಲ, ಅಷ್ಟೇ. ಅಜ್ಜಿ ಮಾತ್ರ "ಆಯ್ತಪ್ಪ" ಎಂದು ಫೋನ್ ಇಟ್ಟುಬಿಡುತ್ತಾಳೆ.